ಮೇಸ್ತ್ರಿಯ ಎರಡನೆಯ ಮೂಗು

ಹೆಂಡತಿ: ಕೈ ತೆಗೀರಿ ಅಂದೆ! ಒಂದು ಗಳಿಗೆ ಸುಮ್ನೆ ನಿಂತ್ಕೊಳ್ಳೋಕೆ ಏನು ದಾಡಿ ನಿಮಗೆ?

ಮೇಸ್ತ್ರಿ: ಸುಮ್ನೆ ನಿಂತ್ಕೊಳ್ಳೋಕೆ ನಾನೇನು ಕಲ್ಲಾ?

ಭಾಮೈದ: ಭಾವ, ಕತ್ತು ಸ್ವಲ್ಪ ಈ ಕಡೆ ತಿರುಗಿಸಿ.

ಮೇಸ್ತ್ರಿ: ಮೊದಲು ಇದೇನು ಅಂತ ಹೇಳು. ಆಮೇಲೆ ಕತ್ತು ಕೊಡ್ತೀನಿ.

ಹೆಂಡತಿ: ಮದುವೆ ದಿನ ಹೀಗೆಲ್ಲಾ ಕೇಳಿದ್ರಾ? ಸುಮ್ನೆ ಕತ್ತು ಕೊಟ್ರಿ ತಾನೆ?

ಮೇಸ್ತ್ರಿ: ಅವತ್ತು ಕೇಳಿದ್ದಿದ್ರೆ ಇವತ್ತು ಈ ಪಾಡು ಬರ್ತಿತ್ತಾ?

ಕಲ್ಲು ಕೊಯ್ಯುವ ಶೆಡ್ಡಿನ ಬಾಗಿಲಲ್ಲಿ ಬೆಳಬೆಳಗ್ಗೆಯೇ ಈ ರಂಪ. ಮೇಸ್ತ್ರಿ ಅಂದರೆ ಶೆಡ್ಡಿನ ಯಜಮಾನ. ಅಡುಗೆಮನೆ ಕಟ್ಟೆ, ಮೆಟ್ಟಿಲು, ಹೊಸ್ತಿಲು ಯಾವುದೇ ಇರಲಿ, ಅವನು ಕೊಯ್ದ ಕಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿದವರಿಲ್ಲ. ಹೆಂಡತಿ ಶೆಡ್ಡಿನ ಮೂಲೆಯಲ್ಲಿದ್ದ ಪುಟ್ಟ ಆಫೀಸು ರೂಮಿನಲ್ಲಿ ಕೂತು ಫೋನು, ಗಿರಾಕಿ, ಜಗಳ ಮೂರನ್ನೂ ಸಂಭಾಳಿಸುತ್ತಿದ್ದಳು. ಭಾಮೈದ ಅವಳ ಒಡಹುಟ್ಟಿದ ತಮ್ಮ. ಅವನ ಕಸುಬೇ ವಿಚಿತ್ರ. ಕಾರ್ಖಾನೆ ಕಾರ್ಖಾನೆ ಸುತ್ತಿ ಅಲ್ಲಿನ ಗಾಳಿಯಲ್ಲಿ ಎಷ್ಟು ಧೂಳಿದೆ ಅಂತ ಅಳೆಯುವುದು. ಅದಕ್ಕೇ ಮೇಸ್ತ್ರಿ ಅವನನ್ನು 'ಧೂಳಪ್ಪ' ಅನ್ನುತ್ತಿದ್ದ. ಇವತ್ತು ಅಕ್ಕನೇ ಹಟ ಹಿಡಿದು ಅವನನ್ನು ಕರೆಸಿದ್ದಳು. ಮೇಸ್ತ್ರಿಯ ಬೆಳಗಿನ ಕೆಮ್ಮು ಆ ಬೀದಿಯ ಹುಂಜಗಳನ್ನೆಲ್ಲ ನಿರುದ್ಯೋಗಿಗಳನ್ನಾಗಿ ಮಾಡಿತ್ತು. ಅವನ ಜೊತೆ ಕೆಲಸ ಕಲಿತ ಗೆಳೆಯನೊಬ್ಬ ಈಗ ತನ್ನ ಕೈಯಾರೆ ಹಾಸಿದ ಮೆಟ್ಟಿಲನ್ನೇ ಹತ್ತಲಾರದೆ ನಡುವೆ ಕೂತುಬಿಡುತ್ತಾನೆ ಅನ್ನುವ ಸುದ್ದಿಯನ್ನೂ ಅವಳು ಕೇಳಿದ್ದಳು.

ಭಾಮೈದ ತಂದಿದ್ದು ಸೋಪಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಪಂಪು. ಅದನ್ನು ಭಾವನ ಬೆಲ್ಟಿಗೆ ಸಿಕ್ಕಿಸಿದ. ಅದರಿಂದ ಹೊರಟ ಪೈಪನ್ನು ಬೆನ್ನ ಮೇಲಿಂದ ಹಾಯಿಸಿ, ತುದಿಯಲ್ಲಿದ್ದ ಚಿಕ್ಕ ಡಬ್ಬಿಯನ್ನು ಕಾಲರಿಗೆ ಕಚ್ಚಿಸಿದ. ಪಂಪು 'ಗುಂಯ್' ಅಂತು.

ಮೇಸ್ತ್ರಿ: ಏನೋ ಇದು, ಗುರ್ ಅಂತಿದೆ? ಕಚ್ಚುತ್ತಾ?

ಭಾಮೈದ: ಇಲ್ಲ ಭಾವ. ಇಡೀ ದಿನ ನಿಮ್ಮ ಬಾಯಿ ಹತ್ರಾನೇ ಇರುತ್ತೆ. ಏನೇನಿದೆಯೋ ಎಲ್ಲಾ ಎಳ್ಕೊಳ್ಳುತ್ತೆ.

ಮೇಸ್ತ್ರಿ: ಎಲ್ಲಾ?

ಭಾಮೈದ: ಎಲ್ಲಾ. ನಿಮ್ಮ ಕಣ್ಣಿಗೆ ಕಾಣದೇ ಇರೋದೂ ಅದಕ್ಕೆ ಸಿಗುತ್ತೆ. ಆಮೇಲೆ ಅಕ್ಕನ ಕೈಗೆ ರಿಪೋರ್ಟ್ ಕೊಡ್ತೀನಿ.

ಮೇಸ್ತ್ರಿ ಕಾಲರಿನ ಡಬ್ಬಿಯಿಂದ ಬಾಯಿ ಅತ್ತ ತಿರುಗಿಸಿದ. ಆದರೂ ಮೀಸೆ ಮಣ್ಣಾಗಲು ಬಿಡುವ ಜಾತಿಯಲ್ಲ ಅವನು.

ಮೇಸ್ತ್ರಿ: ಆಯ್ತು, ಪಂದ್ಯ ಕಟ್ಟೋಣ. ಕಲ್ಲು ಕೊಯ್ಯೋನಿಗೆ ಧೂಳು ಅಂದ್ರೆ ಮೀನಿಗೆ ನೀರಿದ್ದ ಹಾಗೆ. ನಿನ್ನ ಈ ಡಬ್ಬಿ 'ಧೂಳು ಮಿತಿ ಒಳಗಿದೆ' ಅಂದ್ರೆ, ಜನ್ಮದಲ್ಲಿ ನೀನು ನನ್ನ ಮನೆಯಲ್ಲಿ ಧೂಳಿನ ಮಾತೆತ್ತಬಾರದು.

ಹೆಂಡತಿ: ಮಿತಿ ಮೀರಿದ್ರೆ?

ಮೇಸ್ತ್ರಿ: ನಿನ್ನ ತಮ್ಮ ಏನು ಹೇಳ್ತಾನೋ ಅದನ್ನ ತುಟಿ ಪಿಟಕ್ಕೆನ್ನದೆ ಮಾಡ್ತೀನಿ.

ಹೆಂಡತಿ: ತುಟಿ ಪಿಟಕ್ಕೆನ್ನದೆ? ನೀವು? ಲೋ, ಇದಕ್ಕೆ ಸಾಕ್ಷಿ ನೀನೇ ಕಣೋ.

ಅವಳು ಆಫೀಸಿಗೆ ಹೋದಳು. ಮೇಸ್ತ್ರಿ ಮಾತ್ರ ಕಾಲರನ್ನು ಓರೆಗಣ್ಣಿನಲ್ಲಿ ನೋಡುತ್ತಾ ಕೆಲಸಕ್ಕೆ ಇಳಿದ. ಗಂಡ ಆಡಿದ್ದನ್ನೆಲ್ಲ ಕದ್ದು ಕೇಳೋಕೆ ತಮ್ಮನ ಕೈಲಿ ಯಂತ್ರ ಕಟ್ಟಿಸಿದ್ದಾಳೆ, ಇನ್ನೇನು! ಅವನ ಹೆದರಿಕೆಗೆ ಕಾರಣವೂ ಇತ್ತು. ದಿನಾ ಕೆಲಸಗಾರರ ಮುಂದೆ ಹೆಂಡತಿ ಫೋನಿನಲ್ಲಿ ಮಾತಾಡುವುದನ್ನು ಅಣಕಿಸುವುದು, ಅತ್ತೆಯ ನಡಿಗೆಯನ್ನು ನಡೆದು ತೋರಿಸುವುದು ಅವನ ನಿತ್ಯದ ಮನರಂಜನೆ. ಪಾಲಿಶ್ ಹಾಕುವವನಂತೂ ಅದನ್ನು ನೋಡೋಕೇ ಬೇಗ ಬರುತ್ತಿದ್ದ. ಇವತ್ತೂ ಆಸೆಯಿಂದ ಹತ್ತಿರ ಬಂದ.

ಪಾಲಿಶಿನವ: ಮೇಸ್ತ್ರಿ, ಹೇಳೋಕೆ ಭಯ ಆಗುತ್ತೆ. ಆ ಕಪ್ಪು ಚಪ್ಪಡಿ ಮೂಲೆ ಕಿತ್ತು ಹೋಯ್ತು.

ಮೇಸ್ತ್ರಿ: (ಕಾಲರಿಗೆ ಬಾಯಿ ತಾಗಿಸಿ) ಪರವಾಗಿಲ್ಲ ಕಣಯ್ಯ. ಮನುಷ್ಯ ಅಂದ ಮೇಲೆ ಕೈ ತಪ್ಪುತ್ತೆ. ನನ್ನ ಹೆಂಡತಿ ಯಾವಾಗ್ಲೂ ಇದನ್ನೇ ಹೇಳ್ತಾಳೆ. ಎಂಥಾ ವಿವೇಕ ಅವಳದ್ದು!

ಪಾಲಿಶಿನವ: ಮೇಸ್ತ್ರಿ... ಮೈಯಲ್ಲಿ ಹುಷಾರಿದೆ ತಾನೆ?

ಮೇಸ್ತ್ರಿ: ನಮ್ಮ ಅತ್ತೆಯವರ ಆಶೀರ್ವಾದದಿಂದ ಕ್ಷೇಮವಾಗಿದ್ದೀನಿ.

ಪಾಲಿಶಿನವ: ಅತ್ತೆಯವರಾ? ನಿನ್ನೆ ತಾನೆ ನೀವು ಅವರನ್ನ...

ಮೇಸ್ತ್ರಿ: (ಗಟ್ಟಿಯಾಗಿ) ಹೊಗಳಿದೆ! ನಿನ್ನೆಯೂ ಹೊಗಳಿದೆ! ಮೊನ್ನೆಯೂ ಹೊಗಳಿದೆ!

ಪಾಲಿಶಿನವ: ಹೊಗಳಿದ್ದಾ ಅದು? ಸೊಂಟದ ಮೇಲೆ ಕೈ ಇಟ್ಕೊಂಡು ಬಾತುಕೋಳಿ ಥರ...

ಮೇಸ್ತ್ರಿ: ಬಾತುಕೋಳಿ ಎಷ್ಟು ಗಂಭೀರವಾದ ಪಕ್ಷಿ ಗೊತ್ತಾ ನಿನಗೆ? ಹೋಗು, ಕೆಲಸ ನೋಡು!

ಪಾಲಿಶಿನವ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಾ ಹೋದ. ಟೀ ಹೊತ್ತಿಗೆ 'ಮೇಸ್ತ್ರಿಗೆ ಜ್ವರ ನೆತ್ತಿಗೇರಿದೆ' ಅನ್ನುವ ಸುದ್ದಿ ಶೆಡ್ಡೆಲ್ಲ ಹಬ್ಬಿತ್ತು. ಒಂದು ಕಲ್ಲಿನ ಕಂಬದ ಮರೆಯಲ್ಲಿ ನಿಂತು ಭಾವ ತನ್ನ ಕಾಲರಿನ ಜೊತೆ ಪ್ರೇಮ ಸಲ್ಲಾಪ ನಡೆಸುತ್ತಿರುವುದು ಭಾಮೈದನ ಕಣ್ಣಿಗೆ ಬಿತ್ತು.

ಭಾಮೈದ: ಭಾವ, ಯಾರ ಹತ್ರ ಮಾತಾಡ್ತಿದ್ದೀರಿ?

ಮೇಸ್ತ್ರಿ: ನಿಮ್ಮಕ್ಕನ ಹತ್ರ.

ಭಾಮೈದ: ಅಕ್ಕ ಆಫೀಸಲ್ಲಿದ್ದಾಳೆ.

ಮೇಸ್ತ್ರಿ: ಅಲ್ಲಿಂದಲೇ ಕೇಳಿಸ್ಕೊಳ್ತಿದ್ದಾಳಲ್ಲ, ಇದರಲ್ಲಿ.

ಭಾಮೈದ: ಇದರಲ್ಲಾ? ಅಯ್ಯೋ ಭಾವ, ಇದಕ್ಕೆ ಕಿವಿ ಇಲ್ಲ! ಬರೀ ಮೂಗು! ನೀವು ಉಸಿರೆಳೆಯೋ ಜಾಗದಲ್ಲೇ ಕೂತು ಇದೂ ಉಸಿರೆಳೆಯುತ್ತೆ. ದಪ್ಪ ಧೂಳನ್ನ ಕೆಳಕ್ಕೆ ಬೀಳಿಸಿ, ಸಣ್ಣದನ್ನ ಮಾತ್ರ ಒಳಗಿರೋ ಫಿಲ್ಟರ್ ಮೇಲೆ ಕೂರಿಸುತ್ತೆ. ಲ್ಯಾಬಲ್ಲಿ ಅದನ್ನ ಪರೀಕ್ಷೆ ಮಾಡ್ತಾರೆ.

ಮೇಸ್ತ್ರಿ: ಅಂದ್ರೆ, ಬೆಳಗ್ಗಿಂದ ನಾನು ಹೊಗಳಿದ್ದು?

ಭಾಮೈದ: ಗಾಳಿಗೆ ಹೋಯ್ತು.

ಮೇಸ್ತ್ರಿ: ಅಷ್ಟೂ? ನಿಮ್ಮಮ್ಮನ ಬಗ್ಗೆ ಒಂದು ಪದ್ಯ ಕೂಡ ಕಟ್ಟಿದ್ದೆನಲ್ಲೋ!

ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾಗಿ, ಆಮೇಲೆ ಸ್ವಲ್ಪ ಗಂಭೀರನಾದ.

ಭಾಮೈದ: ಭಾವ, ಕಣ್ಣಿಗೆ ಕಾಣೋ ಧೂಳು ಪಾಪದ್ದು. ಮೂಗಲ್ಲಿ, ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಸೀನಿದ್ರೆ, ಕ್ಯಾಕರಿಸಿದ್ರೆ ಆಚೆ ಬರುತ್ತೆ. ಕಾಣದೇ ಇರೋದಿದೆಯಲ್ಲ, ಅದು ಕಿಲಾಡಿ. ಸೀದಾ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಅಲ್ಲಿಂದ ಅದನ್ನ ಎಬ್ಬಿಸೋ ಔಷಧಿ ಯಾರ ಹತ್ರಾನೂ ಇಲ್ಲ.

ಮೇಸ್ತ್ರಿ: ಸುಮ್ನಿರೋ. ನಮ್ಮಪ್ಪನೂ ಇದೇ ಧೂಳು ಕುಡಿದವನೇ.

ಭಾಮೈದ: ಈಗ ಎಲ್ಲಿದ್ದಾರೆ?

ಮೇಸ್ತ್ರಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ಅಪ್ಪ ಕೊನೆಗಾಲದಲ್ಲಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದದ್ದು ನೆನಪಾಯಿತು. ನೆನಪಾದದ್ದನ್ನು ಹಾಗೇ ನುಂಗಿಕೊಂಡ. 'ಟೀ ಆರುತ್ತೆ' ಅಂತ ಮಾತು ತೇಲಿಸಿದ.

ಊಟದ ಮೇಲೆ ಭಾಮೈದ ಪಕ್ಕದ ಬೀದಿಯ ಮರದ ಕಾರ್ಖಾನೆಗೆ ಹೋದ. 'ಸಾಯಂಕಾಲದವರೆಗೂ ಬಿಚ್ಚಬೇಡಿ ಭಾವ' ಅಂತ ಕೈ ಮುಗಿದು ಹೇಳಿಯೇ ಹೋದ. ಅವನು ಗೇಟು ದಾಟಿದ್ದೇ ತಡ, ಮೇಸ್ತ್ರಿಯ ತಲೆಯೊಳಗೆ ದೀಪ ಹತ್ತಿತು. ಇದು ಮೂಗು ತಾನೆ? ಮೂಗನ್ನು ಒಳ್ಳೆ ಗಾಳಿ ಇರುವ ಕಡೆ ಇಟ್ಟರಾಯಿತು! ಹಾವೂ ಸಾಯಬೇಕಿಲ್ಲ, ಕೋಲೂ ಮುರಿಯಬೇಕಿಲ್ಲ. ಇಡೀ ಶೆಡ್ಡಿನಲ್ಲಿ ಸ್ವಚ್ಛವಾದ ಜಾಗ ಅಂದರೆ ಹೆಂಡತಿಯ ಆಫೀಸು. ಗಾಜಿನ ಬಾಗಿಲು, ಹೊಳೆಯುವ ಮೇಜು, ಕಿಟಕಿಯಲ್ಲೊಂದು ಹೂವಿನ ಕುಂಡ.

ಎಂದಿನಂತೆ ಆಫೀಸಿನ ಬಾಗಿಲಲ್ಲಿ ನಿಂತು, ಕಂಪ್ರೆಸರಿನ ಪೈಪಿನಿಂದ ಮೈಮೇಲೆಲ್ಲಾ ಭುಸ್ ಭುಸ್ ಅಂತ ಗಾಳಿ ಊದಿಕೊಂಡ. ಬಿಳಿ ದೆವ್ವದಂತಿದ್ದವನು ಮನುಷ್ಯನಾದ. ಒಳಗೆ ಬಂದು, ಕೆಲಸದ ಕೋಟು ಬಿಚ್ಚಿ, ಬಾಗಿಲ ಹಿಂದಿನ ಗೂಟಕ್ಕೆ ಎರಡು ಸಲ ಬಾರಿಸಿ ನೇತುಹಾಕಿದ. ಹೆಂಡತಿ ಗಿರಾಕಿಯೊಬ್ಬನ ಜೊತೆ ಫೋನಿನಲ್ಲಿ ಕಾದಾಡುತ್ತಿದ್ದಳು. ಅದೇ ಸಂದು ನೋಡಿ ಪಂಪನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಡಬ್ಬಿಯನ್ನು ಕೋಟಿನ ಕಾಲರಿಗೇ ಸಿಕ್ಕಿಸಿದ.

ಹೆಂಡತಿ: (ಫೋನಿಟ್ಟು) ರೀ, ಏನೋ ಗುಂಯ್ ಅಂತಿದೆಯಲ್ಲ?

ಮೇಸ್ತ್ರಿ: ಸೊಳ್ಳೆ.

ಹೆಂಡತಿ: ಹಾಡು ಹಗಲಲ್ಲಾ?

ಮೇಸ್ತ್ರಿ: ಹಗಲು ಪಾಳಿ ಸೊಳ್ಳೆ.

ಹೆಂಡತಿ: ಒಂದೇ ಸಮ ಗುಂಯ್ ಅಂತಿದೆ. ಉಸಿರು ಕೂಡ ತಗೊಳ್ಳಲ್ವಾ ಅದು?

ಮೇಸ್ತ್ರಿ: ತಗೊಳ್ಳೋದೇ ಅದರ ಕೆಲ... ಅಂದ್ರೆ, ಸೊಳ್ಳೆ ಜಾತಿ ಹಾಗೇ ಕಣೇ. ನೀನು ಫೋನಲ್ಲಿ ಉಸಿರು ತಗೊಳ್ತೀಯಾ?

ಹೆಂಡತಿ ಏನೋ ಅನ್ನಲು ಹೋಗಿ ಕೆಮ್ಮಿದಳು. ಒಣ ಕೆಮ್ಮು, ಕೊಕ್ ಕೊಕ್ ಅಂತ. ಈಚೀಚೆಗೆ ಅವಳಿಗೆ ಅದೊಂದು ರೂಢಿಯಾಗಿತ್ತು.

ಮೇಸ್ತ್ರಿ: ನೋಡಿದ್ಯಾ? ಬಾಯಿ ಜಾಸ್ತಿ ಓಡಿಸಿದ್ರೆ ಗಂಟಲು ಸವೆಯುತ್ತೆ.

ತನ್ನ ಮಾತಿಗೆ ತಾನೇ ಮೆಚ್ಚಿ, ಬೇರೊಂದು ಕೋಟು ಹಾಕಿಕೊಂಡು ಮೇಸ್ತ್ರಿ ಕೆಲಸಕ್ಕೆ ಮರಳಿದ. ಸಾಯಂಕಾಲದೊಳಗೆ 'ನೀರು ಕುಡಿಯೋಕೆ', 'ಅಳತೆ ಪಟ್ಟಿ ಹುಡುಕೋಕೆ' ಅಂತ ಹಲವು ಸಲ ಬಂದು, ಪ್ರತಿ ಸಲವೂ ಬಾಗಿಲಲ್ಲಿ ಗಾಳಿ ಊದಿಕೊಂಡು, ಕೋಟು ಕೊಡವಿ, ತನ್ನ ಎರಡನೆಯ ಮೂಗಿನ ಯೋಗಕ್ಷೇಮ ನೋಡಿಕೊಂಡು ಹೋದ. ಭಾಮೈದ ಬರುವ ಹೊತ್ತಿಗೆ ಅದು ಮೇಸ್ತ್ರಿಯ ಕಾಲರಿನಲ್ಲಿ ಏನೂ ಅರಿಯದ ಕೂಸಿನಂತೆ ಕೂತಿತ್ತು.

ಲ್ಯಾಬಿನಿಂದ ಉತ್ತರ ಬಂದ ದಿನ ಭಾಮೈದ ಆಫೀಸಿಗೆ ಬಂದಾಗ, ಮೇಸ್ತ್ರಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಮೇಸ್ತ್ರಿ: ಬಾರಪ್ಪಾ ಧೂಳಪ್ಪ, ಬಾ. ಏನಂತೆ ನಿನ್ನ ಡಬ್ಬಿ? ಸಂಕೋಚ ಪಡಬೇಡ. ಸೋಲು ಗೆಲುವು ಎಲ್ಲಾ ಮನುಷ್ಯನಿಗೇ.

ಭಾಮೈದ: ಮಿತಿ ಮೀರಿದೆ ಭಾವ.

ಮೇಸ್ತ್ರಿಯ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು.

ಮೇಸ್ತ್ರಿ: ಏನಂದೆ?

ಭಾಮೈದ: ಮೀರಿದೆ. ತುಂಬಾ ಅಲ್ಲ, ಆದ್ರೂ ಮೀರಿದೆ. ನನಗೂ ಆಶ್ಚರ್ಯ. ನಿಮ್ಮ ಕೆಲಸಕ್ಕೆ ಇನ್ನೂ ಎಷ್ಟೋ ಜಾಸ್ತಿ ಬರುತ್ತೆ ಅಂದ್ಕೊಂಡಿದ್ದೆ.

ಹೆಂಡತಿ: ಸೋತ್ರಿ! ಒಪ್ಕೊಳ್ಳಿ! ಲೋ, ಹೇಳೋ ಮೊದಲು ಏನು ಮಾಡಿಸ್ಬೇಕು?

ಮೇಸ್ತ್ರಿ: ತಡಿ, ತಡಿ, ತಡಿ! ಈ ಲೆಕ್ಕ ಸುಳ್ಳು!

ಭಾಮೈದ: ಲ್ಯಾಬಿನವರು ಸುಳ್ಳು ಹೇಳ್ತಾರಾ ಭಾವ?

ಮೇಸ್ತ್ರಿ: ಲ್ಯಾಬೂ ಸುಳ್ಳು, ಡಬ್ಬಿನೂ ಸುಳ್ಳು! ಸಿಕ್ಕಿಬಿದ್ರಿ ಇಬ್ಬರೂ! ಮಧ್ಯಾಹ್ನದಿಂದ ಅದು ನನ್ನ ಮೈಮೇಲೇ ಇರ್ಲಿಲ್ಲ ಕಣೋ! ಇಲ್ಲೇ, ಇದೇ ಗೂಟದಲ್ಲಿ, ಇವಳ ಆಫೀಸಲ್ಲೇ ನೇತಾಡ್ತಿತ್ತು! ಎಲ್ಲಿದೆ ಹೇಳು ಇಲ್ಲಿ ಧೂಳು? ಎಲ್ಲಿದೆ?

ಗೆದ್ದ ಪೈಲ್ವಾನನಂತೆ ಎರಡೂ ಕೈ ಮೇಲೆತ್ತಿದ. ಭಾಮೈದ ನಿಧಾನವಾಗಿ ಗೂಟ ನೋಡಿದ. ಗೂಟದಿಂದ ಕಣ್ಣು ಸರಿಸಿ ಅಕ್ಕನ ಕುರ್ಚಿ ನೋಡಿದ. ಎರಡರ ನಡುವೆ ಒಂದು ಮಾರು ದೂರವೂ ಇರಲಿಲ್ಲ. ಮೇಸ್ತ್ರಿಯ ಕೈಗಳು ಮೇಲೆತ್ತಿದ ಹಾಗೇ ಉಳಿದವು.

ಹೆಂಡತಿ: ಹಗಲು ಪಾಳಿ ಸೊಳ್ಳೆ.

ಮೇಸ್ತ್ರಿ: ಅದು... ಅದೇನಾಯ್ತು ಅಂದ್ರೆ...

ಹೆಂಡತಿ: ನಮ್ಮ ಕಣ್ಣಿಗೆ ಮಣ್ಣೆರಚೋಕೆ ಹೋಗಿದ್ರಿ.

ಭಾಮೈದ: ಕಣ್ಣಿಗಲ್ಲ ಅಕ್ಕ. ಮೂಗಿಗೆ.

'ಬೆಳಗಿನ ಧೂಳೂ ಇದರಲ್ಲಿ ಸೇರಿದೆ, ಈ ರೂಮಲ್ಲಿ ಎಷ್ಟಿದೆ ಅಂತ ಈಗ್ಲೇ ನೋಡೋಣ' ಅನ್ನುತ್ತಾ ಭಾಮೈದ ಎದ್ದು ಕಿಟಕಿಯ ಪರದೆ ಎಳೆದ, ದೀಪ ಆರಿಸಿದ. ಚೀಲದಿಂದ ಒಂದು ಜೋರಾದ ಟಾರ್ಚು ತೆಗೆದು ಮೇಜಿನ ತುದಿಯಲ್ಲಿಟ್ಟು ಹೊತ್ತಿಸಿದ.

ಭಾಮೈದ: ಭಾವ, ಬೆಳಕಿಗೆ ಎದುರಾಗಿ ನಿಂತ್ಕೊಳ್ಳಿ. ಬಲ್ಬು ಕಣ್ಣಿಗೆ ಹೊಡೀದ ಹಾಗೆ ಕೈ ಅಡ್ಡ ಹಿಡೀರಿ. ಅಕ್ಕ, ನೀನು ನಿನ್ನ ಜಾಗದಲ್ಲೇ ಕೂತ್ಕೋ. ಈಗ ಭಾವ, ದಿನಾ ಮಾಡೋ ಹಾಗೆ ಆ ಕೋಟು ಕೊಡವಿ.

ಮೇಸ್ತ್ರಿ ಮೆಲ್ಲಗೆ ಒಂದು ಸಲ ಕೊಡವಿದ. ಇಷ್ಟು ವರ್ಷ ಏನೂ ಇಲ್ಲ ಅಂದುಕೊಂಡಿದ್ದ ಗಾಳಿ, ಬೆಳಕಿನ ಆ ಪಟ್ಟಿಯೊಳಗೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಎದ್ದಿತು. ಕೋಟಿ ಕೋಟಿ ಕಣಗಳು ಮಿಣಮಿಣ ಹೊಳೆಯುತ್ತಾ, ಸುಳಿಯುತ್ತಾ, ಕೆಳಗಿಳಿಯುವ ಯಾವ ಅವಸರವೂ ಇಲ್ಲದೆ ತೇಲಿಕೊಂಡು ಹೋಗಿ ಹೆಂಡತಿಯ ಮುಖದ ಮುಂದೆ ನಿಂತವು. ಅವಳು ಉಸಿರೆಳೆದಳು. ಆ ಬಿಳಿ ಹೊಗೆ ಅವಳ ಮೂಗಿನ ಕಡೆಗೆ ತಿರುಗಿತು. ಮೇಸ್ತ್ರಿ ಅದನ್ನು ತನ್ನ ಎರಡೂ ಕಣ್ಣಿನಿಂದ ಕಂಡ.

ಮೇಸ್ತ್ರಿ: ಉಸಿರಾಡಬೇಡ!

ಹೆಂಡತಿ: ಆಂ?

ಮೇಸ್ತ್ರಿ: ಉಸಿರಾಡಬೇಡ ಕಣೇ!

ಹೆಂಡತಿ: ಎಷ್ಟು ಹೊತ್ತು?

ಅವಳು ಕೂತಿದ್ದು ಚಕ್ರದ ಕುರ್ಚಿ. ಮೇಸ್ತ್ರಿ ಅದರ ಬೆನ್ನು ಹಿಡಿದವನೇ ಬಾಗಿಲು ದಾಟಿಸಿ, ಶೆಡ್ಡು ದಾಟಿಸಿ, ಅಂಗಳಕ್ಕೆ ದೌಡಾಯಿಸಿದ. ಫೋನಿನ ವೈರು ಕಿತ್ತು ಬಾಲದಂತೆ ಹಿಂದೆ ಹರಿದು ಬಂತು. ಪಾಲಿಶಿನವ ಕೈಲಿದ್ದ ಕಲ್ಲನ್ನು ಬಿಟ್ಟು ಗೋಡೆಗೆ ಅಂಟಿಕೊಂಡ.

ಹೆಂಡತಿ: ನಿಲ್ಲಿಸ್ರೀ! ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು?

ಮೇಸ್ತ್ರಿ: ಈಗ ಎಳ್ಕೋ! ಚೆನ್ನಾಗಿ ಎಳ್ಕೋ ಉಸಿರು! ಇಲ್ಲಿ ಒಳ್ಳೆ ಗಾಳಿ ಇದೆ!

ಹೆಂಡತಿ: ನನ್ನ ಕೆಮ್ಮಿಗೆ ನೀವೇನಂದ್ರಿ ಅವತ್ತು?

ಮೇಸ್ತ್ರಿ: ...ಬಾಯಿ ಜಾಸ್ತಿ ಓಡಿಸ್ತೀಯ ಅಂದೆ.

ಹೆಂಡತಿ: ಈಗೇನಂತೀರಿ?

ಮೇಸ್ತ್ರಿ: ಇನ್ನೂ ಓಡಿಸು. ಎಷ್ಟು ಬೇಕಾದ್ರೂ ಓಡಿಸು. ನಾನು ಕೇಳ್ತಾ ಕೂರ್ತೀನಿ.

ಅವಳು ನಗಬೇಕು ಅಂತ ತಿರುಗಿ ನೋಡಿದಳು. ಗಂಡನ ಕಣ್ಣು ಒದ್ದೆಯಾಗಿತ್ತು. ನಗುವುದನ್ನು ಬಿಟ್ಟು ಕುರ್ಚಿಯ ಬೆನ್ನ ಮೇಲಿದ್ದ ಅವನ ಕೈಗೆ ಒಂದು ಪೆಟ್ಟು ಕೊಟ್ಟಳು. ಮೆಲ್ಲಗೇ ಕೊಟ್ಟಳು. ತನ್ನ ಎದೆಯ ವಿಷಯದಲ್ಲಿ ಬಂಡೆಯಂತಿದ್ದ ಮನುಷ್ಯ ಅವಳ ಎದೆಯ ವಿಷಯಕ್ಕೆ ಪುಡಿಪುಡಿಯಾಗಿದ್ದ.

ಮರುದಿನವೇ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಎದೆಯ ಫೋಟೋ ತೆಗೆಸಿದರು. ಅವಳದ್ದು ಸ್ವಚ್ಛವಾಗಿತ್ತು. ಅವನದ್ದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮೂಡಲು ಶುರುವಾಗಿತ್ತು. 'ಮೂಡಿದ್ದು ಅಳಿಸೋಕೆ ಆಗಲ್ಲ, ಇನ್ನು ಮುಂದೆ ಹೊಸ ಧೂಳು ಒಳಗೆ ಹೋಗಬಾರದು' ಅಂದರು ಡಾಕ್ಟರು. ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅದು ಮೇಸ್ತ್ರಿಗೆ ಡಾಕ್ಟರ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮೇಸ್ತ್ರಿಯ ಕಥೆಯೂ ಅದೇ ಆಯಿತು.

ಮೇಸ್ತ್ರಿ: ಹೇಳೋ, ಏನೇನು ಮಾಡ್ಬೇಕು? ಎಲ್ಲರಿಗೂ ಮಾಸ್ಕ್ ತರಿಸ್ಲಾ? ಒಬ್ಬೊಬ್ಬರಿಗೆ ಎರಡೆರಡು ತೊಡಿಸ್ಲಾ?

ಭಾಮೈದ: ಮಾಸ್ಕ್ ಕೊನೇದು ಭಾವ. ಮೊದಲು ಧೂಳು ಹುಟ್ಟೋ ಜಾಗದಲ್ಲೇ ಅದರ ಕತ್ತು ಹಿಸುಕ್ಬೇಕು. ಕೊಯ್ಯೋ ಬ್ಲೇಡಿಗೆ ಸದಾ ನೀರು ಬೀಳ್ತಿರ್ಬೇಕು.

ಮೇಸ್ತ್ರಿ: ನೀರು. ಸರಿ.

ಭಾಮೈದ: ನೀರು ಹಾಕೋಕೆ ಆಗದ ಕಡೆ, ಪಕ್ಕದಲ್ಲೇ ಧೂಳು ಹೀರೋ ಮೆಷಿನ್ ಬಾಯಿ ಇರ್ಬೇಕು. ಪೊರಕೆ ಬೇಡ, ಗುಡಿಸಿದ್ರೆ ಮಲಗಿದ್ದ ಧೂಳು ಮತ್ತೆ ಏಳುತ್ತೆ. ಗಾಳಿ ಪೈಪಲ್ಲಿ ಮೈ ಊದ್ಕೊಳ್ಳೋದು ಇವತ್ತಿಗೇ ಬಂದ್. ಕೋಟು ಆಫೀಸಿನೊಳಗೆ ಬರಂಗಿಲ್ಲ.

ಮೇಸ್ತ್ರಿ: ನಾನು?

ಹೆಂಡತಿ: ನೀವು ಕಾಲು ತೊಳ್ಕೊಂಡು ಬರಬಹುದು.

ತಿಂಗಳು ತುಂಬುವುದರೊಳಗೆ ಶೆಡ್ಡಿನಲ್ಲಿ ನೀರಿನ ಪೈಪುಗಳು ಹರಿದವು, ಆನೆಯ ಸೊಂಡಿಲಿನಂಥ ಹೀರುಕೊಳವೆಗಳು ಇಳಿಬಿದ್ದವು. ಮೇಸ್ತ್ರಿ ಟಾರ್ಚು ಹಿಡಿದು ಮೂಲೆ ಮೂಲೆಯಲ್ಲಿ ಕಳ್ಳ ಹಿಡಿಯುವವನಂತೆ ಅಲೆದ. ಪಾಲಿಶಿನವ ಅಭ್ಯಾಸಬಲದಿಂದ ಪೊರಕೆ ಮುಟ್ಟಿದಾಗ ಮೇಸ್ತ್ರಿ ಕೂಗಿದ ಕೂಗಿಗೆ ಬಡಪಾಯಿ ಪೊರಕೆಯನ್ನು ಗೋಡೆಯಾಚೆ ಎಸೆದುಬಿಟ್ಟ. ಭಾಮೈದ ಮತ್ತೆ ಅಳೆದ. ಈ ಸಲ ಮೇಸ್ತ್ರಿ ಪಂಪನ್ನು ಸೊಂಟದಿಂದ ಕದಲಿಸಲಿಲ್ಲ, ಊಟಕ್ಕೂ ಅದರ ಜೊತೆಗೇ ಕೂತ. ಆಫೀಸಿನ ಗಾಳಿ ತಿಳಿಯಾಗಿತ್ತು. ಕೊಯ್ಯುವ ಮೆಷಿನಿನ ಧೂಳು ಮಿತಿಯೊಳಗೆ ಇಳಿದಿತ್ತು. ಉಳಿದದ್ದು ಒಂದೇ ಕೆಲಸ, ಗ್ರೈಂಡರಿನಲ್ಲಿ ಅಂಚು ಉಜ್ಜುವುದು. ಅದನ್ನು ಮೇಸ್ತ್ರಿ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಲ್ಲಿ ಮಾತ್ರ ಸದ್ಯಕ್ಕೆ ಮಾಸ್ಕ್ ಬೇಕೇ ಬೇಕು ಅಂದ ಭಾಮೈದ. ಅಲ್ಲಿಗೆ ಬಂತು ನೋಡಿ ಗಡ್ಡದ ಪ್ರಶ್ನೆ.

ಮೇಸ್ತ್ರಿಯ ಗಡ್ಡ ಸಾಮಾನ್ಯದ್ದಲ್ಲ. ಎದೆಯ ಮೊದಲ ಗುಂಡಿಯವರೆಗೆ ಇಳಿದ ಪೊದೆ. ಮದುವೆಗೂ ಮೊದಲಿನದು. ಅದರ ಹಿಂದೆ ಗಲ್ಲ ಅನ್ನುವುದೊಂದಿದೆಯೋ ಇಲ್ಲವೋ ಹೆಂಡತಿಯೂ ಕಂಡಿರಲಿಲ್ಲ.

ಭಾಮೈದ: ಗಡ್ಡದ ಮೇಲೆ ಮಾಸ್ಕ್ ಕೂರಲ್ಲ ಭಾವ. ಕೂದಲ ಸಂದಿನಲ್ಲಿ ಧೂಳು ನುಗ್ಗುತ್ತೆ.

ಮೇಸ್ತ್ರಿ: ನನ್ನ ಗಡ್ಡ ಜರಡಿ ಇದ್ದ ಹಾಗೆ ಕಣೋ. ಒಂದು ಕಣ ಒಳಗೆ ಬಿಡಲ್ಲ.

ಭಾಮೈದ: ಪರೀಕ್ಷೆ ಮಾಡೇ ಬಿಡೋಣ.

ಭಾವನಿಗೆ ಮಾಸ್ಕ್ ಬಿಗಿದು, ತಲೆಯ ಮೇಲೆ ಒಂದು ಪಾರದರ್ಶಕ ಚೀಲ ಕವುಚಿ, ಅದರ ತೂತಿನಿಂದ ಒಂದು ಕಹಿ ದ್ರವವನ್ನು ಹನಿಹನಿಯಾಗಿ ಒಳಗೆ ಸಿಂಪಡಿಸಿದ. ಮಾಸ್ಕ್ ಸರಿಯಾಗಿ ಕೂತಿದ್ದರೆ ಕಹಿ ನಾಲಿಗೆಗೆ ತಿಳಿಯಬಾರದು.

ಭಾಮೈದ: ಏನಾದ್ರೂ ರುಚಿ ಬಂತಾ?

ಮೇಸ್ತ್ರಿ: ಇಲ್ಲ.

ಹೆಂಡತಿ: ಮತ್ತೆ ಹುಬ್ಬು ಯಾಕೆ ಹಣೆ ಹತ್ತಿದೆ?

ಮೇಸ್ತ್ರಿ: ಅದು ಅಲ್ಲೇ ಇರೋದು.

ಭಾಮೈದ ಇನ್ನಷ್ಟು ಸಿಂಪಡಿಸಿದ. ಹಾಗಲಕಾಯಿಯ ತೋಟವನ್ನೇ ನುಂಗಿದವನಂತೆ ಮೇಸ್ತ್ರಿಯ ಮುಖ ನಾಲ್ಕು ದಿಕ್ಕಿಗೂ ತಿರುಚಿತು.

ಭಾಮೈದ: ಈಗ?

ಮೇಸ್ತ್ರಿ: (ಕಣ್ಣಲ್ಲಿ ನೀರು ಸುರಿಸುತ್ತಾ) ಸಪ್ಪೆ! ಸಪ್ಪೆ ಅಂದ್ರೆ ಸಪ್ಪೆ!

ಹೆಂಡತಿ: ರೀ, ಡಾಕ್ಟರು ಹೇಳಿದ್ದು ನೆನಪಿದೆಯಾ? ನೀವು ನನ್ನ ಕುರ್ಚಿ ತಳ್ಳಿದ್ರಿ. ಈಗ ನಾನು ನಿಮ್ಮನ್ನ ಕ್ಷೌರದಂಗಡಿಗೆ ತಳ್ಳಬೇಕಾ? ಕುರ್ಚಿ ಇಲ್ಲೇ ಇದೆ.

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ತಮಾಷೆ ಮಾತೇ. ಆದರೆ ಅವಳ ಕಣ್ಣು ತಮಾಷೆ ಮಾಡುತ್ತಿರಲಿಲ್ಲ. ಚೀಲ ಕಿತ್ತೆಸೆದು, ಒಂದು ಚೊಂಬು ನೀರು ಕುಡಿದು, ಮರುಮಾತಿಲ್ಲದೆ ತಾನೇ ನಡೆದು ಹೋದ.

ತಿರುಗಿ ಬಂದವನನ್ನು ಕಂಡು ಅಕ್ಕ ತಮ್ಮ ಇಬ್ಬರೂ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಗಲ್ಲ ಇತ್ತು. ನಡುವೆ ಒಂದು ಗುಳಿಯೂ ಇತ್ತು. ಧೂಳಿಲ್ಲದ ತಲೆಗೂದಲು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅಷ್ಟರಲ್ಲಿ ಹಳೆಯ ಗಿರಾಕಿಯೊಬ್ಬ, ವರ್ಷಕ್ಕೊಮ್ಮೆ ಬರುವ ಮುದುಕ, ಆಫೀಸಿನ ಬಾಗಿಲು ತಳ್ಳಿಕೊಂಡು ಬಂದ.

ಗಿರಾಕಿ: ಮೇಸ್ತ್ರಿ ಇಲ್ವೇನಪ್ಪಾ?

ಮೇಸ್ತ್ರಿ: ನಾನೇ ಮೇಸ್ತ್ರಿ.

ಗಿರಾಕಿ: ತಮಾಷೆ ಬಿಡಪ್ಪ. ಅವರ ತಲೆ ಬೆಳ್ಳಗೆ ಹತ್ತಿ ಆಗಿತ್ತು. ಈಟುದ್ದ ಗಡ್ಡ. ಪಾಪ, ವಯಸ್ಸಾಗಿತ್ತು. ನೀನು ಅವರ ಮಗ ತಾನೆ?

ಮೇಸ್ತ್ರಿಯ ಗಲ್ಲದ ಗುಳಿ ಅಗಲವಾಯಿತು. ಎದೆ ಉಬ್ಬಿತು.

ಮೇಸ್ತ್ರಿ: ಕೇಳಿಸ್ತೇನೇ? ಮಗನಂತೆ! ಯಜಮಾನ್ರೇ, ಇನ್ನೊಂದು ಸಲ ಹೇಳಿ, ಸ್ವಲ್ಪ ಜೋರಾಗಿ.

ಗಿರಾಕಿ: (ಹೆಂಡತಿಯ ಕಡೆ ತಿರುಗಿ, ಮರುಕದಿಂದ) ಮಗ ಥೇಟ್ ಅಪ್ಪನ ಹಾಗೇ ವಾದ ಮಾಡ್ತಾನಲ್ಲ ತಾಯಿ. ಹೋಗಲಿ ಬಿಡಿ, ಈ ವಯಸ್ಸಿನಲ್ಲಿ ನಿಮಗೆ ಆಸರೆಯಾಗಿದ್ದಾನಲ್ಲ, ಅಷ್ಟೇ ಸಾಕು.

ಭಾಮೈದ ನಗು ತಡೆಯಲಾರದೆ ಮಾಸ್ಕನ್ನು ತನ್ನ ಮುಖಕ್ಕೇ ಒತ್ತಿಕೊಂಡ. ಹೆಂಡತಿ ಕುರ್ಚಿಯಿಂದ ನಿಧಾನವಾಗಿ ಎದ್ದಳು.

ಹೆಂಡತಿ: ರೀ, ಇವತ್ತಿಂದಲೇ ಗಡ್ಡ ಬಿಡೋಕೆ ಶುರು ಮಾಡಿ.

ಭಾಮೈದ: ಆಗಲ್ಲ ಅಕ್ಕ! ಗಡ್ಡ ಬಿಟ್ರೆ ಮಾಸ್ಕ್ ಕೂರಲ್ಲ ಅಂತ ಹೇಳಿದೆನಲ್ಲ!

ಹೆಂಡತಿ: ಹಾಗಾದ್ರೆ ಆ ಗ್ರೈಂಡರಿಗೂ ನೀರು ಹಾಕ್ಸು! ಅದಕ್ಕೂ ಒಂದು ಸೊಂಡಿಲು ತರಿಸು! ಮಾಸ್ಕೇ ಬೇಡ ಅನ್ನೋವರೆಗೂ ಧೂಳು ಇಳಿಸೋ! ನನಗೆ ಗಂಡ ಬೇಕು ಕಣೋ, ಮಗ ಬೇಡ!